ಜಮಖಂಡಿಯ ವಕೀಲರೊಬ್ಬರ ಶಾಸಕ ಜೀವನ: ಬಿ. ಡಿ. ಜತ್ತಿ ಮತ್ತು ಗೇಣಿ ಶಾಸನದ ಪ್ರಶ್ನೆ

ಸ್ವಾತಂತ್ರ್ಯೋತ್ತರ ಕರ್ನಾಟಕದ ರಾಜಕೀಯ ಇತಿಹಾಸವನ್ನು ಕುರಿತ ಬರಹಗಳಲ್ಲಿ ಜಾತಿ, ಪ್ರದೇಶ ಮತ್ತು ಪಕ್ಷದ ಒಳಬಣಗಳ ಚರ್ಚೆ ಸಾಕಷ್ಟು ನಡೆದಿದೆ. ವೃತ್ತಿಯ ಚರ್ಚೆ ಅಷ್ಟಾಗಿ ನಡೆದಿಲ್ಲ. ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ. ಡಿ. ಜತ್ತಿ, ಎಸ್. ಆರ್. ಕಂಠಿ, ವೀರೇಂದ್ರ ಪಾಟೀಲ, ಹೀಗೆ 1952ರಿಂದ 1971ರವರೆಗೆ ಈ ರಾಜ್ಯದ ಮುಖ್ಯಮಂತ್ರಿಗಳಾದವರೆಲ್ಲರೂ ಕಾನೂನು ಪದವೀಧರರು ಎಂಬ ಸಂಗತಿಯನ್ನು ಕೇವಲ ಆಕಸ್ಮಿಕವೆಂದು ಬದಿಗಿರಿಸುವಂತಿಲ್ಲ. ಇವರಲ್ಲಿ ಹಲವರು ರಾಜಧಾನಿಯ ದೊಡ್ಡ ನ್ಯಾಯಾಲಯಗಳಲ್ಲಿ ಹೆಸರು ಗಳಿಸಿ ಬಂದವರಲ್ಲ; ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳ ಮುನ್ಸೀಫ್ ಕಚೇರಿಗಳ ಅಂಗಳದಲ್ಲಿ ಕಕ್ಷಿದಾರರೊಡನೆ ಕುಳಿತು ಮಾತನಾಡಿದವರು. ಅಂಥ ವೃತ್ತಿಜೀವನವು ಶಾಸನಸಭೆಗೆ ಏನನ್ನು ತಂದಿತು, ಮತ್ತು ಆ ಶಾಸನಸಭೆಯ ತೀರ್ಮಾನಗಳಿಗೆ ಕಾದು ಕುಳಿತಿದ್ದ ಗೇಣಿದಾರನಿಗೆ ಅದರಿಂದ ಏನಾಯಿತು ಎಂಬ ಪ್ರಶ್ನೆಯನ್ನು ಜಮಖಂಡಿಯ ಬಸಪ್ಪ ದಾನಪ್ಪ ಜತ್ತಿಯವರ ಬದುಕಿನ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜತ್ತಿಯವರು ಮುಂದೆ ರಾಷ್ಟ್ರದ ಉಪರಾಷ್ಟ್ರಪತಿಗಳೂ ಹಂಗಾಮಿ ರಾಷ್ಟ್ರಪತಿಗಳೂ ಆದುದರಿಂದ ಅವರ ಶಾಸಕ ಜೀವನದ ಮೊದಲ ಎರಡು ದಶಕಗಳು ಸಹಜವಾಗಿಯೇ ಹಿನ್ನೆಲೆಗೆ ಸರಿದಿವೆ. ಇಲ್ಲಿ ಆ ಎರಡು ದಶಕಗಳಿಗೇ ಪ್ರಾಧಾನ್ಯ.

ಜತ್ತಿಯವರ ಜನನ 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ. ಅಂದಿನ ವಿಜಾಪುರ ಜಿಲ್ಲೆಯ ನೆರೆಯಲ್ಲಿ, ಬ್ರಿಟಿಷ್ ಮುಂಬಯಿ ಪ್ರಾಂತದ ನೇರ ಆಡಳಿತಕ್ಕೆ ಒಳಪಡದ ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. ಅರಸುಮನೆ ಮರಾಠಿಯದು, ಜಮಖಂಡಿ ಸೀಮೆಯ ಒಕ್ಕಲುಮಕ್ಕಳ ಮಾತು ಕನ್ನಡ. ಮುಧೋಳ, ರಾಮದುರ್ಗ, ಸವಣೂರು, ಸಾಂಗಲಿ, ಮಿರಜ ಮೊದಲಾದ ಸಂಸ್ಥಾನಗಳ ತುಂಡುಗಳು ಬ್ರಿಟಿಷ್ ಜಿಲ್ಲೆಗಳ ನಡುವೆ ಹರಡಿಕೊಂಡಿದ್ದ ಈ ಪ್ರದೇಶದಲ್ಲಿ ಹತ್ತಾರು ಮೈಲಿ ನಡೆದರೆ ಕಾಯಿದೆಯೇ ಬದಲಾಗುತ್ತಿತ್ತು. ಒಂದು ಹಳ್ಳಿಯಲ್ಲಿ ಮುಂಬಯಿ ಪ್ರಾಂತದ ಕಂದಾಯ ಸಂಹಿತೆ, ಮಗ್ಗುಲ ಹಳ್ಳಿಯಲ್ಲಿ ಸಂಸ್ಥಾನಿಕರ ಹುಕುಂ. ಇಂಥ ಸೀಮೆಯಲ್ಲಿ ಓದು ಬಲ್ಲ ತರುಣನೊಬ್ಬನಿಗೆ ಕಾನೂನು ಕೇವಲ ಜೀವನೋಪಾಯದ ದಾರಿಯಾಗಿರಲಿಲ್ಲ, ತನ್ನ ಊರನ್ನು ಅರ್ಥಮಾಡಿಕೊಳ್ಳುವ ದಾರಿಯೂ ಆಗಿತ್ತು ಎನ್ನಬಹುದು. ವಿಜಾಪುರದಲ್ಲಿ ಶಾಲಾ ಶಿಕ್ಷಣ ಮುಗಿಸಿದ ಜತ್ತಿಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪದವಿಯನ್ನೂ, ಅಲ್ಲಿಯ ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನು ಪದವಿಯನ್ನೂ ಪಡೆದು ಜಮಖಂಡಿಗೆ ಮರಳಿ ವಕೀಲಿ ಆರಂಭಿಸಿದರು. ಕೊಲ್ಹಾಪುರದ ಅದೇ ಕಾಲೇಜುಗಳಿಂದ ಬಂದ ಇನ್ನೊಬ್ಬರು ಕೆರೂರಿನ ಎಸ್. ಆರ್. ಕಂಠಿ. ಈ ಇಬ್ಬರೂ ಮುಂದೆ ಒಂದೇ ವಿಧಾನಸಭೆಯಲ್ಲಿ, ಒಬ್ಬರು ಮುಖ್ಯಮಂತ್ರಿಗಳಾಗಿ ಮತ್ತೊಬ್ಬರು ಸಭಾಧ್ಯಕ್ಷರಾಗಿ ಎದುರುಬದುರು ಕುಳಿತದ್ದನ್ನು ಈ ಸಂದರ್ಭದಲ್ಲಿ ನೆನೆಯಬಹುದು.

ಸಣ್ಣ ಊರಿನ ವಕೀಲಿಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಅಂಥ ವಕೀಲನ ಬಳಿಗೆ ಬರುವ ವ್ಯಾಜ್ಯಗಳ ಬಹುಭಾಗ ನೆಲಕ್ಕೆ ಸಂಬಂಧಿಸಿದುದು: ಅಣ್ಣತಮ್ಮಂದಿರ ಪಾಲು, ಬದುವಿನ ತಂಟೆ, ಅಡವಿಟ್ಟ ಹೊಲವನ್ನು ಬಿಡಿಸಿಕೊಳ್ಳುವ ದಾವೆ, ಸಾಲದ ಪತ್ರ, ಇನಾಂ ಮತ್ತು ವತನದ ಹಕ್ಕು, ಲಾವಣಿಗೆ ಹಾಕಿಕೊಂಡ ಭೂಮಿಯಿಂದ ಹೊರದೂಡಿದ ಒಕ್ಕಲಿನ ಅಳಲು. ಉತ್ತರ ಕರ್ನಾಟಕದಲ್ಲಿ ಗೇಣಿಗೆ ಲಾವಣಿ ಎಂದೂ, ಪೈರಿನಲ್ಲಿ ಪಾಲು ಕೊಡುವ ಕರಾರಿಗೆ ಕೋರು ಎಂದೂ, ಗೇಣಿದಾರನಿಗೆ ಕುಳ ಎಂದೂ ಹೆಸರು. ಗೇಣಿ ಶಾಸನವನ್ನು ಅಲ್ಲಿಯ ಜನ ಇಂದಿಗೂ ಕುಳಕಾಯಿದೆ ಎಂದೇ ಕರೆಯುತ್ತಾರೆ. ಈ ಕರಾರುಗಳಲ್ಲಿ ಹೆಚ್ಚಿನವು ಬಾಯಿಮಾತಿನವು. ಜಮೀನುದಾರನ ಕೈಯಲ್ಲಿ ಉತಾರ, ರಸೀದಿ, ಖರೀದಿ ಪತ್ರ. ಕುಳನ ಕೈಯಲ್ಲಿ ತಲೆಮಾರಿನ ನೆನಪು ಮತ್ತು ನೆರೆಹೊರೆಯವರ ಸಾಕ್ಷಿ. ನ್ಯಾಯಾಲಯದ ಕಟಕಟೆಯಲ್ಲಿ ಇವೆರಡರ ತೂಕ ಸಮನಲ್ಲ ಎಂಬುದನ್ನು ತಾಲ್ಲೂಕು ವಕೀಲನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಇನ್ನೊಂದು ಸಂಗತಿ: ಸಣ್ಣ ಊರಿನಲ್ಲಿ ಫಿರ್ಯಾದಿಯೂ ಪ್ರತಿವಾದಿಯೂ ವಕೀಲನ ಪರಿಚಿತರೇ. ಇಂದಿನ ಎದುರಾಳಿ ನಾಳಿನ ಕಕ್ಷಿದಾರ. ಆದಕಾರಣ ಅಲ್ಲಿ ಜಾಣ ವಕೀಲನೆನಿಸಿಕೊಳ್ಳುವವನು ಗೆಲ್ಲುವವನಲ್ಲ, ರಾಜಿ ಮಾಡಿಸುವವನು.

ಜತ್ತಿಯವರ ಸಾರ್ವಜನಿಕ ಜೀವನ ಆರಂಭವಾದದ್ದು ಊರ ಪುರಸಭೆಯಿಂದ. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದ ಅವರು 1945ರಲ್ಲಿ ಅದರ ಅಧ್ಯಕ್ಷರಾದರು. ಬಳಿಕ ಸಂಸ್ಥಾನದ ಶಾಸನಸಭೆಗೆ ಆಯ್ಕೆ, ಸಂಸ್ಥಾನದ ಮಂತ್ರಿಮಂಡಲದಲ್ಲಿ ಸ್ಥಾನ, ಕೊನೆಗೆ 1948ರಲ್ಲಿ ದಿವಾನ ಪದವಿ. ಸಂಸ್ಥಾನವು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಸ ಶಂಕರರಾವ್ ಪಟವರ್ಧನರೊಡನೆ ಆ ವಿಲೀನವನ್ನು ನೆರವೇರಿಸಿದ ಜತ್ತಿಯವರು ತಮ್ಮ ಪದವಿಯನ್ನು ತಾವೇ ಇಲ್ಲವಾಗಿಸಿಕೊಂಡಂತಾಯಿತು. ಮುಂದೆ ನಡೆದುದು ಗಮನಾರ್ಹ. ಅವರು ಮತ್ತೆ ಕಪ್ಪು ಕೋಟು ಧರಿಸಿ ಜಮಖಂಡಿಯ ನ್ಯಾಯಾಲಯಕ್ಕೆ ಹೋದರು. ಸುಮಾರು 20 ತಿಂಗಳ ಕಾಲ ವಕೀಲಿ ನಡೆಸಿದರು. ನಿನ್ನೆಯವರೆಗೆ ಸಂಸ್ಥಾನದ ಆಡಳಿತ ನಡೆಸಿದ ವ್ಯಕ್ತಿ ಇಂದು ಮುನ್ಸೀಫರ ಮುಂದೆ ಎದ್ದು ನಿಂತು ವಾಯಿದೆ ಕೇಳುವ ದೃಶ್ಯವನ್ನು ಊಹಿಸಿಕೊಂಡರೆ, ಆ ಕಾಲದ ರಾಜಕಾರಣಿಗಳಿಗೆ ವೃತ್ತಿ ಎಂಬುದು ಎಂಥ ಆಸರೆಯಾಗಿತ್ತು ಎಂಬುದು ಮನದಟ್ಟಾಗುತ್ತದೆ. ಇಂದಿನ ಶಾಸಕರ ಪ್ರಮಾಣಪತ್ರಗಳಲ್ಲಿ ಕಾಣುವ ‘ಸಮಾಜಸೇವೆ’ ಎಂಬ ವೃತ್ತಿಗೆ ಈ ಆಸರೆ ಇಲ್ಲ.

ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಅವರು ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡರು. ನಾಮಕರಣವಾದ ಒಂದು ವಾರದೊಳಗೇ ಮುಖ್ಯಮಂತ್ರಿ ಬಿ. ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ಬಳಿಕ ಮೊರಾರ್ಜಿ ದೇಸಾಯಿಯವರ ಮಂತ್ರಿಮಂಡಲದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಯಾದರು. ಈ ಅವಧಿಯಲ್ಲಿ ಅವರ ಕಣ್ಣೆದುರೇ ಜಾರಿಯಲ್ಲಿದ್ದುದು 1948ರ ಮುಂಬಯಿ ಗೇಣಿ ಮತ್ತು ಕೃಷಿಭೂಮಿ ಅಧಿನಿಯಮ. ದೇಶದ ಪ್ರಗತಿಪರ ಭೂಶಾಸನಗಳಲ್ಲಿ ಒಂದೆಂದು ಹೆಸರಾದ ಈ ಕಾಯಿದೆಯು ಕುಳನಿಗೆ ರಕ್ಷಣೆಯನ್ನು ನೀಡಿತ್ತು, ಆದರೆ ಕುಳನು ತಾನಾಗಿ ಭೂಮಿಯನ್ನು ಬಿಟ್ಟುಕೊಟ್ಟರೆ ಅಡ್ಡಿಯಿರಲಿಲ್ಲ. ಪುಣೆಯ ಗೋಖಲೆ ಸಂಸ್ಥೆಯಿಂದ ವಿ. ಎಂ. ದಾಂಡೇಕರ್ ಮತ್ತು ಖುದಾನ್‌ಪುರ್ ಅವರು ನಡೆಸಿ 1957ರಲ್ಲಿ ಪ್ರಕಟಿಸಿದ ಅಧ್ಯಯನವು, ಹೀಗೆ ‘ಸ್ವಇಚ್ಛೆಯಿಂದ’ ನಡೆದ ಬಿಟ್ಟುಕೊಡುವಿಕೆಗಳು ಎಷ್ಟು ವ್ಯಾಪಕವಾಗಿದ್ದವು, ಅವುಗಳ ಸಾಚಾತನ ಎಷ್ಟು ಸಂದೇಹಾಸ್ಪದವಾಗಿತ್ತು ಎಂಬುದನ್ನು ಬಯಲಿಗೆ ತಂದಿತು. ಕಾಯಿದೆಯ ದೋಷ ಅದರ ಆಶಯದಲ್ಲಿರಲಿಲ್ಲ. ಬಡ ಕುಳನೂ ಜಮೀನುದಾರನೂ ಸಮಾನಬಲರಾಗಿ ಕುಳಿತು ಕರಾರು ಮಾಡಿಕೊಳ್ಳುತ್ತಾರೆ ಎಂಬ ಕಲ್ಪನೆಯಲ್ಲಿತ್ತು. ಅದು ವಕೀಲರ ಕಲ್ಪನೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಮಖಂಡಿ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿ ಶಾಸನದ ತಿದ್ದುಪಡಿಯಂತೆ ಕುಳರು ಭೂಮಿಯ ಒಡೆಯರೆಂದು ಪರಿಗಣಿತರಾಗಬೇಕಾಗಿದ್ದ ‘ಉಳುವವರ ದಿನ’ 1957ರ ಏಪ್ರಿಲ್ 1. ಅಂದರೆ ಆ ದಿನ ಬರುವುದಕ್ಕೆ ಐದು ತಿಂಗಳ ಮೊದಲೇ ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳ ಕುಳರು ಬೇರೊಂದು ರಾಜ್ಯದ ಪ್ರಜೆಗಳಾಗಿದ್ದರು. ಏಕೀಕರಣದ ಸಂಭ್ರಮದ ಬರಹಗಳಲ್ಲಿ ಈ ಅಂಶಕ್ಕೆ ಜಾಗ ಸಿಕ್ಕಿರುವುದು ವಿರಳ.

ಹೊಸ ರಾಜ್ಯದ ಮುಂದಿದ್ದ ಗೇಣಿಯ ಗೋಜಲು ಅಸಾಧಾರಣವಾದುದು. ಹಳೆಯ ಮೈಸೂರಿನಲ್ಲಿ 1952ರ ಗೇಣಿ ಶಾಸನ, ಮುಂಬಯಿ ಕರ್ನಾಟಕದಲ್ಲಿ 1948ರ ಶಾಸನ, ಹೈದರಾಬಾದ್ ಕರ್ನಾಟಕದಲ್ಲಿ 1950ರ ಶಾಸನ, ದಕ್ಷಿಣ ಕನ್ನಡದಲ್ಲಿ ಮದರಾಸು ಶಾಸನದ ಜೊತೆಗೆ ಮೂಲಗೇಣಿ, ಚಾಲಗೇಣಿಗಳ ಬೇರೆಯೇ ಪರಂಪರೆ, ಕೊಡಗಿನಲ್ಲಿ ಮತ್ತೊಂದು. ಮಲೆನಾಡಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು 1951ರಲ್ಲಿ ನಡೆಸಿದ ಸತ್ಯಾಗ್ರಹವು ಗೇಣಿಯ ಪ್ರಶ್ನೆಯನ್ನು ಕಚೇರಿಯ ಕಡತದಿಂದ ಬೀದಿಗೆ ತಂದಾಗಿತ್ತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದುದು, ಶಾಂತವೇರಿ ಗೋಪಾಲಗೌಡರು ಮರುವರ್ಷವೇ ವಿಧಾನಸಭೆಯನ್ನು ಪ್ರವೇಶಿಸಿದುದು ಸುಪರಿಚಿತ ಇತಿಹಾಸ. ಈ ಎಲ್ಲ ಶಾಸನಗಳನ್ನು ಒಂದು ನೇಯ್ಗೆಗೆ ತರುವ ಸಲುವಾಗಿ 1957ರಲ್ಲಿ ಸರ್ಕಾರ ನೇಮಿಸಿದ ಮೈಸೂರು ಗೇಣಿ ಮತ್ತು ಕೃಷಿಭೂಮಿ ಶಾಸನಗಳ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಸಂಸ್ಥಾನ, ಮುಂಬಯಿ ಪ್ರಾಂತ, ಮೈಸೂರು, ಹೀಗೆ ಮೂರು ಶಾಸನ ಪರಂಪರೆಗಳನ್ನು ಒಳಗಿನಿಂದ ಕಂಡ ವ್ಯಕ್ತಿ ಇನ್ನೊಬ್ಬರಿರಲಿಲ್ಲವೆಂಬಷ್ಟು ವಿರಳ. ಸಮಿತಿ ಅದೇ ವರ್ಷ ವರದಿಯನ್ನು ಒಪ್ಪಿಸಿತು. ಸಾಮಾನ್ಯವಾಗಿ ಸಮಿತಿಗಳು ಅವಧಿ ವಿಸ್ತರಣೆ ಕೇಳುವುದನ್ನೇ ಕಂಡ ನಮಗೆ ಈ ವೇಗವೇ ಸೋಜಿಗವೆನಿಸುತ್ತದೆ.

1958ರಲ್ಲಿ ನಿಜಲಿಂಗಪ್ಪನವರು ಅಧಿಕಾರದಿಂದ ಕೆಳಗಿಳಿದಾಗ, ಬಳ್ಳಾರಿಯ ಸ್ವಾತಂತ್ರ್ಯ ಹೋರಾಟಗಾರ ಟಿ. ಸುಬ್ರಹ್ಮಣ್ಯಂ ಅವರ ಪ್ರಬಲ ಸ್ಪರ್ಧೆಯನ್ನು ಎದುರಿಸಿ ಜತ್ತಿಯವರು ಪಕ್ಷದ ನಾಯಕರಾದರು. ಅವರು ಮೇ 16ರಂದು ಮುಖ್ಯಮಂತ್ರಿಯಾಗಿ, 1962ರ ಮಾರ್ಚ್‌ವರೆಗೆ ಆ ಸ್ಥಾನದಲ್ಲಿದ್ದರು. ಪುರಸಭೆಯಿಂದ ಬಂದ ಈ ಮುಖ್ಯಮಂತ್ರಿಯ ಕಾಲದಲ್ಲೇ 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಅಧಿನಿಯಮ ಬಂದಿತು. ಗ್ರಾಮ ಪಂಚಾಯಿತಿ, ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳು ಇಡೀ ರಾಜ್ಯಕ್ಕೆ ಏಕರೂಪವಾಗಿ ಅನ್ವಯವಾದವು. ಆದರೆ ಅವರ ಆಡಳಿತದ ಅಗ್ನಿಪರೀಕ್ಷೆ ಭೂಸುಧಾರಣೆಯ ಮಸೂದೆ. ಅದನ್ನು ಸದನದಲ್ಲಿ ಮುನ್ನಡೆಸಿದವರು ಕಂದಾಯ ಸಚಿವ ಕಡಿದಾಳ್ ಮಂಜಪ್ಪ. ತೀರ್ಥಹಳ್ಳಿ ಸೀಮೆಯಿಂದ ಬಂದ ಅವರೂ ವಕೀಲರೇ. ಸಮಿತಿಯ ಅಧ್ಯಕ್ಷ ವಕೀಲ, ಮುಖ್ಯಮಂತ್ರಿ ವಕೀಲ, ಸಚಿವ ವಕೀಲ, ಸಭಾಧ್ಯಕ್ಷ ವಕೀಲ. ಮಸೂದೆ ಜಂಟಿ ಪರಿಶೀಲನಾ ಸಮಿತಿಯನ್ನು ದಾಟಿ 1961ರಲ್ಲಿ ಅಂಗೀಕಾರವಾಗಿ, 1962ರ ಮಾರ್ಚ್ 5ರಂದು ರಾಷ್ಟ್ರಪತಿಗಳ ಸಮ್ಮತಿಯನ್ನು ಪಡೆಯಿತು. ಕೆಲವೇ ದಿನಗಳಲ್ಲಿ ಜತ್ತಿಯವರ ಅಧಿಕಾರಾವಧಿ ಮುಗಿದು ಕಂಠಿಯವರು ಮುಖ್ಯಮಂತ್ರಿಯಾದರು.

ಈ ಶಾಸನದ ರಚನೆಯನ್ನು ಕೂಲಂಕಷವಾಗಿ ಗಮನಿಸಿದರೆ ಅದರಲ್ಲಿ ರಾಜಿಯ ಕೈವಾಡ ಎದ್ದು ಕಾಣುತ್ತದೆ. ಗೇಣಿಯನ್ನು ಒಟ್ಟು ಉತ್ಪನ್ನದ ನಾಲ್ಕನೆಯ ಅಥವಾ ಐದನೆಯ ಒಂದು ಭಾಗಕ್ಕೆ ಇಳಿಸಲಾಯಿತು. ಅರ್ಧ ಪಾಲು ಕೊಡುವುದು ವಾಡಿಕೆಯಾಗಿದ್ದ ಸೀಮೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಗೇಣಿದಾರನನ್ನು ಮನಬಂದಂತೆ ಒಕ್ಕಲೆಬ್ಬಿಸುವುದನ್ನು ನಿಷೇಧಿಸಲಾಯಿತು. ಅದೇ ಉಸಿರಿನಲ್ಲಿ, ಜಮೀನುದಾರನು ಸ್ವಂತ ಸಾಗುವಳಿಗಾಗಿ ಗೇಣಿಭೂಮಿಯ ಅರ್ಧದವರೆಗೆ ಮರಳಿ ಪಡೆಯುವ ಅವಕಾಶವನ್ನು ಉಳಿಸಲಾಯಿತು. ‘ಸ್ವಂತ ಸಾಗುವಳಿ’ ಎಂದರೆ ತಾನೇ ನೇಗಿಲು ಹಿಡಿಯಬೇಕೆಂದಿಲ್ಲ. ಕೂಲಿಯಾಳುಗಳಿಂದ ಮಾಡಿಸಿ ಮೇಲ್ವಿಚಾರಣೆ ನಡೆಸಿದರೂ ಸಾಕು. ಭೂಮಿತಿ 27 ಪ್ರಮಾಣ ಎಕರೆ. ಪ್ರಮಾಣ ಎಕರೆಯ ಲೆಕ್ಕದಲ್ಲಿ ಅದು ಕೆಳದರ್ಜೆಯ ಖುಷ್ಕಿ ಭೂಮಿಗೆ 216 ಎಕರೆಗಳಷ್ಟಾಗುತ್ತಿತ್ತು. ವಿಧವೆಯರು, ಅಪ್ರಾಪ್ತ ವಯಸ್ಕರು, ಸೈನಿಕರು, ಅಂಗವಿಕಲರಿಗೆ ವಿಶೇಷ ರಿಯಾಯಿತಿಗಳಿದ್ದವು. ಕಾಫಿ ಮೊದಲಾದ ತೋಟಗಳು ಮಿತಿಯ ಹೊರಗುಳಿದವು. ಇವುಗಳಲ್ಲಿ ಪ್ರತಿಯೊಂದು ವಿನಾಯಿತಿಗೂ ಸಮರ್ಥನೆ ಇತ್ತೆಂಬುದನ್ನು ಒಪ್ಪಬೇಕು. ವಿಧವೆಯೊಬ್ಬಳು ಕೋರಿಗೆ ಕೊಟ್ಟ ನಾಲ್ಕು ಎಕರೆಯನ್ನು ಕಿತ್ತುಕೊಳ್ಳುವುದು ನ್ಯಾಯವೆಂದು ಯಾರೂ ಹೇಳಲಾರರು. ತಾಲ್ಲೂಕು ವಕೀಲನ ಕಣ್ಣಿಗೆ ‘ಜಮೀನುದಾರ ವರ್ಗ’ ಎಂಬುದು ಕಾಣುವುದಿಲ್ಲ. ಇಂಥ ಊರಿನ ಇಂಥ ವಿಧವೆ, ಇಂಥ ಇನಾಂದಾರ, ಇಂಥ ಕುಳ ಕಾಣುತ್ತಾರೆ. ಆ ದೃಷ್ಟಿಯ ಮಾನವೀಯತೆಯೂ ಅದರ ಮಿತಿಯೂ ಈ ಶಾಸನದಲ್ಲಿ ಒಟ್ಟಿಗೇ ಇವೆ.

ಆದರೆ ಶಾಸನದ ಒಕ್ಕಣೆಗಿಂತಲೂ ಅದರ ಕಾಲಾವಧಿಯೇ ಗೇಣಿದಾರರಿಗೆ ಹೆಚ್ಚು ಹಾನಿ ಮಾಡಿತು ಎಂಬುದು ಈ ಲೇಖಕನ ಅಭಿಪ್ರಾಯ. 1957ರಲ್ಲಿ ವರದಿ, 1961ರಲ್ಲಿ ಅಂಗೀಕಾರ, 1962ರಲ್ಲಿ ಸಮ್ಮತಿ, 1965ರ ಅಕ್ಟೋಬರ್ 2ರಂದು ಜಾರಿ. ಮುಂದೇನು ಬರಲಿದೆ ಎಂಬುದು ತಿಳಿದ ಬಳಿಕ ಎಂಟು ವರ್ಷಗಳ ಬಿಡುವು. ಹೊಲಗಳನ್ನು ಮಕ್ಕಳ ಹೆಸರಿಗೆ ಹಂಚಲು, ಕುಳರ ಹೆಸರನ್ನು ಉತಾರದಿಂದ ತೆಗೆಸಲು, ಲಾವಣಿಯನ್ನು ಕೂಲಿಯೆಂದು ತೋರಿಸಲು ಅಷ್ಟು ಕಾಲ ಧಾರಾಳವಾಗಿ ಸಾಕು. ಈ ವಿಳಂಬದ ಹೊಣೆಯನ್ನು ಜತ್ತಿಯವರೊಬ್ಬರ ಮೇಲೆ ಹೊರಿಸುವುದು ಸರಿಯಲ್ಲ. ಕೊನೆಯ ಮೂರೂವರೆ ವರ್ಷಗಳಲ್ಲಿ ಅವರು ಮುಖ್ಯಮಂತ್ರಿಯಾಗಿರಲಿಲ್ಲ. ಅವರು 1962ರ ಜುಲೈಯಲ್ಲಿ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಹಣಕಾಸು ಸಚಿವರಾದರು, 1965ರಲ್ಲಿ ಆಹಾರ ಸಚಿವರಾದರು. ಮುಖ್ಯಮಂತ್ರಿಯಾಗಿದ್ದವರು ಮತ್ತೊಬ್ಬರ ಕೈಕೆಳಗೆ ಸಚಿವರಾಗಲು ಹಿಂಜರಿಯದ ಈ ಗುಣವನ್ನು ಕೆಲವರು ಅಧಿಕಾರದ ಮೋಹವೆಂದಿದ್ದಾರೆ. ದಿವಾನಗಿರಿಯಿಂದ ನೇರ ಮುನ್ಸೀಫ್ ನ್ಯಾಯಾಲಯಕ್ಕೆ ಹಿಂದಿರುಗಿದವರ ವಿಷಯದಲ್ಲಿ ಆ ಮಾತನ್ನು ಒಪ್ಪುವುದು ಕಷ್ಟ.

ಮುಂದಿನ ಪದವಿಗಳನ್ನು ಸಂಕ್ಷೇಪವಾಗಿ ಹೇಳಬಹುದು. 1968ರಲ್ಲಿ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರ ನವೆಂಬರ್‌ನಲ್ಲಿ ಒಡಿಶಾದ ರಾಜ್ಯಪಾಲ, 1974ರ ಆಗಸ್ಟ್ 31ರಿಂದ ಐದು ವರ್ಷ ಉಪರಾಷ್ಟ್ರಪತಿ. ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾದಾಗ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿ. ಆ ಅವಧಿಯಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂಬ ಜನತಾ ಸರ್ಕಾರದ ಸಲಹೆ ಬಂದಾಗ ಅವರು ಕೂಡಲೇ ಸಹಿ ಹಾಕದೆ ತಡೆದು, ಏಪ್ರಿಲ್ 30ರಂದು ಸಹಿ ಹಾಕಿದ ಪ್ರಸಂಗ ದೇಶದಾದ್ಯಂತ ವಿವಾದವೆಬ್ಬಿಸಿತು. ಪಕ್ಷನಿಷ್ಠೆಯೇ ಇದರ ಕಾರಣವೆಂದು ಟೀಕಾಕಾರರು ಆರೋಪಿಸಿದರು. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಬದ್ಧನೆಂದು 42ನೆಯ ತಿದ್ದುಪಡಿ ಆಗಷ್ಟೇ ಸ್ಪಷ್ಟಪಡಿಸಿತ್ತಾದ್ದರಿಂದ ಆ ಹಿಂಜರಿಕೆಗೆ ಸಂವಿಧಾನದಲ್ಲಿ ಆಧಾರ ಹುಡುಕುವುದು ಸುಲಭವಲ್ಲ. 1964ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರಿನ ಬಸವ ಸಮಿತಿಯ ವಚನ ಪ್ರಕಟಣೆಯ ಕಾರ್ಯವು ಪ್ರತ್ಯೇಕ ಅಧ್ಯಯನವನ್ನು ಬೇಡುವಂಥದು. 2002ರ ಜೂನ್ 7ರಂದು ಅವರು ನಿಧನರಾದರು.

ಅವರ ಶಾಸನದ ಕಥೆ ಮಾತ್ರ ಅವರಿಲ್ಲದೆಯೇ ಮುಂದುವರಿಯಿತು. ಎರಡು ದಶಕಗಳ ವಕೀಲ ಮುಖ್ಯಮಂತ್ರಿಗಳ ಸಾಲಿನ ನಂತರ 1972ರಲ್ಲಿ ಅಧಿಕಾರಕ್ಕೆ ಬಂದ ಡಿ. ದೇವರಾಜ ಅರಸರು ವಿಜ್ಞಾನ ಓದಿದವರು, ಕೃಷಿಕರು. ಅವರು ಹೊಸ ಕಾಯಿದೆಯನ್ನು ಬರೆಸಲಿಲ್ಲ. 1961ರ ಕಾಯಿದೆಗೇ ತಿದ್ದುಪಡಿ ತಂದರು. ಭೂಸುಧಾರಣೆಯ ಶಾಸನ ಇಂದಿಗೂ ‘ಕರ್ನಾಟಕ ಭೂಸುಧಾರಣಾ ಅಧಿನಿಯಮ, 1961’ ಎಂದೇ ಉಲ್ಲೇಖಗೊಳ್ಳುವುದಕ್ಕೆ ಇದೇ ಕಾರಣ; ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ನಿರ್ಬಂಧಗಳನ್ನು ತೆಗೆದ 2020ರ ತಿದ್ದುಪಡಿಯೂ ಅದೇ ಹೆಸರಿನ ಶಾಸನಕ್ಕೇ ಆದುದು. ಜತ್ತಿ, ಮಂಜಪ್ಪನವರ ಕಾಲದ ಶಾಸನವನ್ನು ಸಂಪೂರ್ಣ ವಿಫಲವೆಂದು ತಳ್ಳಿಹಾಕುವವರು ಈ ಸಂಗತಿಯನ್ನು ಗಮನಿಸುವುದು ಒಳಿತು. ಅರಸರ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಮರಳಿ ಪಡೆಯುವ ಹಕ್ಕು ಇಲ್ಲವಾಯಿತು. ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಒಡೆತನವನ್ನು ಕೋರಬೇಕಾಗಿತ್ತು. ಅರ್ಜಿಯ ವಿಚಾರಣೆ ಮುನ್ಸೀಫರ ಕೈಯಿಂದ ತಪ್ಪಿ, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ, ಸ್ಥಳೀಯ ನಾಮಕರಣ ಸದಸ್ಯರಿದ್ದ ತಾಲ್ಲೂಕು ಭೂನ್ಯಾಯಮಂಡಳಿಗೆ ಬಂದಿತು. ಆ ಮಂಡಳಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬ ಸದಸ್ಯನಾದರೂ ಇರಬೇಕಾಗಿತ್ತು. ಬಾಯಿಮಾತಿನ ಕರಾರಿಗೂ ನೆರೆಯವರ ಸಾಕ್ಷಿಗೂ ಅಲ್ಲಿ ಮೊದಲ ಬಾರಿಗೆ ಬೆಲೆ ಬಂದಿತು.

ಈ ತಿದ್ದುಪಡಿಯ 48ನೆಯ ಪ್ರಕರಣದ 8ನೆಯ ಉಪಪ್ರಕರಣವು ಭೂನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವುದನ್ನೇ ನಿಷೇಧಿಸಿತು. ಜಮಖಂಡಿಯ ವಕೀಲರೊಬ್ಬರು ಅಡಿಗಲ್ಲು ಹಾಕಿದ ಶಾಸನದಡಿ ಜಮಖಂಡಿಯ ವಕೀಲರಿಗೇ ಪ್ರವೇಶವಿಲ್ಲವಾಯಿತು. ಆ ದಿನ ಜತ್ತಿಯವರು ಒಡಿಶಾದ ರಾಜ್ಯಪಾಲರಾಗಿದ್ದರು. ಸಂಸತ್ತು ರೂಪಿಸಿದ ವಕೀಲರ ಅಧಿನಿಯಮಕ್ಕೆ ವಿರುದ್ಧವಾದ ಇಂಥ ನಿಷೇಧವನ್ನು ವಿಧಿಸುವ ಅಧಿಕಾರ ರಾಜ್ಯ ಶಾಸನಸಭೆಗೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ತೀರ್ಪಿತ್ತಾಗ, ನಮೂನೆ 7ರ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕ ಕಳೆದು ಎಂಟು ವರ್ಷಗಳಾಗಿದ್ದವು.